ನೋಡಿದ್ದು ಕೂಸಿಗೆ ಬರುತ್ತದಾ?

ಹುಟ್ಟಿದಾಗಿನಿಂದ ಕಣ್ಣು ಕಾಣದ ಹೆಂಗಸೊಬ್ಬರು ಇದ್ದಕ್ಕಿದ್ದಂತೆ ಮಗನ ಕೈಯಲ್ಲಿ ಕಪ್ಪು ಕನ್ನಡಕ ತರಿಸಿಕೊಂಡರೆ ನೀವೇನು ಅಂದುಕೊಳ್ಳುತ್ತೀರಿ?

ಬಿಸಿಲಿಗೆ ಅಂತ ತಾನೇ? ನಾವೂ ಹಾಗೇ ಅಂದುಕೊಂಡೆವು. ನಮ್ಮ ಕಡೆಯ ಬಿಸಿಲಿಗೆ ಕನ್ನಡಕವೊಂದೇ ಸಾಲದು. ತಲೆಗೆ ಟವೆಲ್ಲು, ಜೇಬಿನಲ್ಲಿ ಉಳ್ಳಾಗಡ್ಡಿ, ಕೈಯಲ್ಲಿ ನೀರಿನ ಬಾಟಲಿ, ಎಲ್ಲ ಬೇಕು. ಆದರೆ ಈಯಮ್ಮ ಬಿಸಿಲಿಗೆ ಹೊರಡುವಾಗ ಕನ್ನಡಕ ತೆಗೆದಿಟ್ಟು ಹೋಗುತ್ತಿದ್ದರು. ಮನೆಯೊಳಗೆ ಬಂದ ಕೂಡಲೇ ಹುಡುಕಿ ಹಾಕಿಕೊಳ್ಳುತ್ತಿದ್ದರು. ರೊಟ್ಟಿ ಬಡಿಯುವಾಗ ಕನ್ನಡಕ. ಶೇಂಗಾ ಹಿಂಡಿ ಕುಟ್ಟುವಾಗ ಕನ್ನಡಕ.

ಬೀಗ್ತಿ ಈಗ ಹೀರೋಯಿನ್ ಆಗ್ಯಾಳ ಅಂತ ನನ್ನ ತಂಗಿ ಮಂಗಲಾ ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ನಗಲು ನಮಗೇನು ಕಾರಣ ಬೇಕೇ?

ಇರಲಿ, ಯಾರು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮಂಗಲಾಳ ಮಗಳು ಜಯಶ್ರೀಯನ್ನು ಕಲಬುರಗಿ ಹತ್ತಿರದ ಕಮಲಾಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಮಲ್ಲಿಕಾರ್ಜುನನಿಗೆ ಅಲ್ಲಿಯೇ ಬಸ್ ಸ್ಟ್ಯಾಂಡ್ ಹತ್ತಿರ ಸ್ಟೇಷನರಿ ಅಂಗಡಿ. ಕಪ್ಪು ಕನ್ನಡಕದ ಕಾಶೀಬಾಯಿ ಅವನ ತಾಯಿ. ಗಂಡ ಬೇಗ ತೀರಿಕೊಂಡ. ಇದ್ದೊಬ್ಬ ಮಗನನ್ನು ಓದಿಸಿ, ಅಂಗಡಿ ಹಾಕಿಸಿ, ಮದುವೆ ಮಾಡಿದ ಗಟ್ಟಿ ಹೆಣ್ಣು. ಹುಟ್ಟುವಾಗಲೇ ಅವರ ಕಣ್ಣಿನ ಗುಡ್ಡೆಗಳು ಸಣ್ಣವು, ಒಳಗೆ ಬಿಳುಪು. ನೋಡಿದವರಿಗೆ ಒಂದು ಕ್ಷಣ ಕಸಿವಿಸಿಯಾಗುತ್ತದೆ. ಆಮೇಲೆ ಅವರು ಮಾತಿಗೆ ಶುರುಮಾಡಿದರೆ ಮರೆತುಹೋಗುತ್ತದೆ.

ಜಯಶ್ರೀಗೂ ಅತ್ತೆಗೂ ಎಂಥ ದೋಸ್ತಿ ಅಂತೀರಿ! ಸಂಜೆಯಾದರೆ ಇಬ್ಬರೂ ಟೀವಿ ಧಾರಾವಾಹಿ ಮುಂದೆ ಕೂರುವವರು. ಯಾರ ಸೀರೆ ಯಾವ ಬಣ್ಣ ಅಂತ ಸೊಸೆ ಹೇಳಬೇಕು. ಯಾರ ಮನಸ್ಸಿನಲ್ಲಿ ಏನು ಕಪಟ ಇದೆ ಅಂತ ಅತ್ತೆ ಹೇಳಬೇಕು. ದನಿ ಕೇಳಿಯೇ ಕಾಶೀಬಾಯಿ ಕಳ್ಳಿಯನ್ನು ಹಿಡಿದುಬಿಡುತ್ತಾರೆ, ಕತೆಯಲ್ಲಿ ಅವಳು ಸಿಕ್ಕಿಬೀಳಲು ಇನ್ನೂ ತಿಂಗಳುಗಟ್ಟಲೆ ಇರುವಾಗ. (ನಮ್ಮ ಬ್ಯಾಂಕಿಗೆ ಇಂಥವರೊಬ್ಬರು ಸಾಲ ವಿಭಾಗದಲ್ಲಿ ಬೇಕಿತ್ತು.)

ಜಯಶ್ರೀ ಬಸುರಿಯಾದಳು. ಟೀವಿ ಮುಂದಿನ ಜೋಡಿ ಮುರಿಯಿತು. ಕಾಶೀಬಾಯಿ ಊಟಕ್ಕೂ ಜೊತೆಗೆ ಕೂರಲೊಲ್ಲರು. ಸೊಸೆ ಪಡಸಾಲೆಗೆ ಬಂದರೆ ಇವರು ಅಡುಗೆ ಮನೆಗೆ. ಅವಳು ಅಡುಗೆ ಮನೆಗೆ ಹೋದರೆ ಇವರು ಹಿತ್ತಲಿಗೆ. ತಲೆ ಮೇಲೆ ಸೆರಗು, ಮೂಗಿನ ಮೇಲೆ ಕನ್ನಡಕ. ಅತ್ತೆ ನನ್ನ ಮೇಲೆ ಸಿಟ್ಟಾಗಿದ್ದಾರೆ, ಯಾಕೆ ಅಂತ ಮಾತ್ರ ತಿಳಿಯುತ್ತಿಲ್ಲ ಅಂತ ಜಯಶ್ರೀ ನನಗೆ ಫೋನ್ ಮಾಡಿ ಅತ್ತಳು. ನಾನು ದೊಡ್ಡವ್ವ, ಸಲಹೆ ಕೊಡುವುದು ನನ್ನ ಹುಟ್ಟುಗುಣ. ಅತ್ತೆಯಂದಿರಿಗೆ ಒಮ್ಮೊಮ್ಮೆ ಹಾಗಾಗುತ್ತದೆ, ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದೆ. ಎಂಥ ಅಮೂಲ್ಯ ಸಲಹೆ ನೋಡಿ!

ಅಷ್ಟರಲ್ಲಿ ಐದನೇ ತಿಂಗಳ ಸ್ಕ್ಯಾನ್ ಬಂತು. ಡಾಕ್ಟರಿಗೆ ಕೂಸಿನ ಒಂದು ಕಣ್ಣು ಇನ್ನೊಂದಕ್ಕಿಂತ ತುಸು ಸಣ್ಣದು ಅನ್ನಿಸಿತು. ಕೂಸು ಸರಿಯಾಗಿ ಮುಖ ಕೊಡಲಿಲ್ಲ, ಖಚಿತವಾಗಿ ಹೇಳಲಾರೆ ಅಂದರು. ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಕಣ್ಣಿನ ತೊಂದರೆ ಇದೆಯಾ ಅಂತ ಕೇಳಿದರು. ಜಯಶ್ರೀ ಅತ್ತೆಯ ವಿಷಯ ಹೇಳಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು. ಕಲಬುರಗಿಯಲ್ಲಿ ಇಂಥದ್ದನ್ನೇ ನೋಡುವ ತಜ್ಞರೊಬ್ಬರಿದ್ದಾರೆ, ಕಣ್ಣು, ಕಣ್ಣಿನಿಂದ ಮೆದುಳಿಗೆ ಹೋಗುವ ನರ, ಎಲ್ಲವನ್ನೂ ಅವರು ವಿವರವಾಗಿ ನೋಡಲಿ ಅಂತ ಚೀಟಿ ಬರೆದುಕೊಟ್ಟರು.

ಮಂಗಲಾ ಮರುದಿನವೇ ಮಗಳನ್ನು ಕಲಬುರಗಿಗೆ, ತನ್ನ ಮನೆಗೆ ಕರೆತಂದಳು. ಬೀಗರಿಗೆ ಹೇಳಿದ ಕಾರಣ: ಆಸ್ಪತ್ರೆ ಹತ್ತಿರ, ಹೈವೇ ಮೇಲೆ ಗಾಡಿ ಕುಲುಕಾಟ ಬೇಡ. ನನ್ನ ಮುಂದೆ ಹೇಳಿದ ಕಾರಣ ಬೇರೆ: ಬೀಗ್ತಿಯ ಮುಖ.

“ಬೆಳಗಾದ್ರ ಆ ಮಾರಿನೇ ನೋಡಬೇಕಲ್ಲಕ್ಕ. ಬಸುರಿ ಹೆಂಗಸು ಏನು ನೋಡ್ತಾಳ, ಅದು ಕೂಸಿಗೆ ಬರ್ತದ.”

ನಾನು ಬೈದೆ. ಬಿ.ಎಸ್ಸಿ. ಮಾಡಿದ್ದೀಯಲ್ಲೇ, ನಾಚಿಕೆ ಆಗೋದಿಲ್ಲವಾ ಅಂದೆ. ಅವಳು ಬೈಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಸೀದಾ ಸೂಪರ್ ಮಾರ್ಕೆಟಿಗೆ ಹೋಗಿ ದೊಡ್ಡದೊಂದು ಕೂಸಿನ ಪೋಸ್ಟರ್ ತಂದಳು. ಕೂಸಿಗೆ ಬಟ್ಟಲುಗಣ್ಣು. ಅದನ್ನು ಜಯಶ್ರೀಯ ಮಂಚದ ಎದುರು ಅಂಟಿಸಿದಳು.

ನೀವು ನಗಬೇಡಿ. ನಿಮ್ಮ ಮನೆಯಲ್ಲೂ ಅಂಟಿಸಿದ್ದೀರಿ, ನನಗೆ ಗೊತ್ತು. ನಾನು ಬಸುರಿಯಾಗಿದ್ದಾಗ ನನ್ನ ಅತ್ತೆಯೂ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ಗುಂಡು ಗುಂಡಾದ ಕೂಸು, ಕೆನ್ನೆಯಲ್ಲಿ ಗುಳಿ. ದಿನವೂ ಕಣ್ಣು ಬಿಟ್ಟ ಕೂಡಲೇ ನೋಡಿದೆ. ಮಗ ಹುಟ್ಟಿದ. ಥೇಟ್ ನಮ್ಮ ಮಾವನ ಮೂಗು! ಆ ಮೂಗನ್ನು ನಾನು ಬಸುರಿನುದ್ದಕ್ಕೂ ಸೆರಗಿನ ಮರೆಯಿಂದ ಕೂಡ ಸರಿಯಾಗಿ ನೋಡಿರಲಿಲ್ಲ.

ಆದರೆ ಜಯಶ್ರೀ ವಿಷಯದಲ್ಲಿ ನಗು ಬರಲಿಲ್ಲ. ರಾತ್ರಿಯೆಲ್ಲ ಹುಡುಗಿ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಪೋಸ್ಟರ್ ಕಡೆಗೆ ಬೆನ್ನು ಮಾಡಿ ಮಲಗುತ್ತಿದ್ದಳು.

ಸ್ಕ್ಯಾನ್ ದಿನ ನಾನು ರಜೆ ಹಾಕಿದೆ. ಸೆಂಟರ್ ಇದ್ದದ್ದು ಎರಡನೇ ಮಹಡಿಯಲ್ಲಿ. ಬಾಗಿಲಲ್ಲೇ ದೊಡ್ಡ ಬೋರ್ಡು, ಇಲ್ಲಿ ಗಂಡು ಹೆಣ್ಣು ಪತ್ತೆ ಮಾಡುವುದಿಲ್ಲ, ಅದು ಅಪರಾಧ ಅಂತ. ಎಲ್ಲರೂ ಅದನ್ನು ಓದುತ್ತಾರೆ. ಓದಿ, ಹೊರಗೆ ಬಂದ ಡಾಕ್ಟರ ಮುಖವನ್ನೇ ಆಸೆಯಿಂದ ನೋಡುತ್ತಾರೆ. ನಮಗಂತೂ ಅದರ ಯೋಚನೆಯೇ ಇರಲಿಲ್ಲ. ಗಂಡಾಗಲಿ, ಹೆಣ್ಣಾಗಲಿ, ಕಣ್ಣು ಕಂಡರೆ ಸಾಕಿತ್ತು.

ಕಾಶೀಬಾಯಿಯೂ ಬಂದಿದ್ದರು. ಯಾರೂ ಕರೆದಿರಲಿಲ್ಲ. ನೀರು ಕಡಿಮೆಯಾಗಿದೆ, ಅದಕ್ಕೇ ಸ್ಕ್ಯಾನು ಅಂತ ಅವರಿಗೆ ಸುಳ್ಳು ಹೇಳಿದ್ದೆವು. ದನಿ ಕೇಳಿ ಕಳ್ಳಿಯನ್ನು ಹಿಡಿಯುವ ಹೆಂಗಸಿಗೆ ಮಂಗಲಾ ಸುಳ್ಳು ಹೇಳಿದ್ದು ತಿಳಿಯದೇ ಇರುತ್ತದಾ? ಮಗನನ್ನು ಎಬ್ಬಿಸಿಕೊಂಡು ಬೆಳಗಿನ ಮೊದಲ ಬಸ್ಸಿಗೇ ಹೊರಟುಬಂದಿದ್ದರು. ಮಗನಿಗೆ ಮೇಲೆ ಬರಲು ಧೈರ್ಯವಿಲ್ಲ, ಕೆಳಗೆ ಪಾರ್ಕಿಂಗಿನಲ್ಲಿ ನಿಂತಿದ್ದ.

ಹಾಲ್ ತುಂಬ ಬಸುರಿಯರು, ಅವರ ಅವ್ವಂದಿರು, ಅತ್ತೆಯಂದಿರು. ಕಾಶೀಬಾಯಿ ಎಲ್ಲರಿಗಿಂತ ಹಿಂದಿನ ಕುರ್ಚಿ ಹಿಡಿದು, ಗೋಡೆಗೆ ಮುಖ ಮಾಡಿ ಕೂತರು. ಮಂಗಲಾ ನನ್ನ ಕಿವಿಯಲ್ಲಿ, ಅಕ್ಕ, ಒಂದು ವೇಳೆ ಹಂಗೇನರ ಆದ್ರ, ಅಂದಳು. ಹಂಗೆ ಅಂದರೆ ಹೆಂಗೆ ಅಂತ ನಾನು ಕೇಳಲಿಲ್ಲ. ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರೂ ಈ ಒಂದೇ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದೆವು. ಈಗ ಆ ‘ಹಂಗೆ’ ನಮ್ಮ ಹಿಂದಿನ ಸಾಲಿನಲ್ಲಿ ಕೈಚೀಲ ತೊಡೆ ಮೇಲಿಟ್ಟುಕೊಂಡು ಕೂತಿತ್ತು. ಕಿವಿ ಎಷ್ಟು ಚುರುಕು ಅಂತ ನಮ್ಮೆಲ್ಲರಿಗೂ ಗೊತ್ತು.

ಜಯಶ್ರೀಯನ್ನು ಒಳಗೆ ಕರೆದರು, ತುಸು ಹೊತ್ತಿಗೆ ಹೊರಗೆ ಕಳಿಸಿದರು. ಕೂಸು ಮಕಾಡೆ ಮಲಗಿದೆಯಂತೆ. ಕಣ್ಣು ನೋಡಬೇಕೆಂದರೆ ಅದು ಹೊರಳಬೇಕು. ಸ್ವಲ್ಪ ಓಡಾಡಲಿ, ಏನಾದರೂ ತಿನ್ನಲಿ, ಆಮೇಲೆ ನೋಡೋಣ ಅಂದರಂತೆ ಡಾಕ್ಟರು. ಜಯಶ್ರೀ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದಳು. ಹಿಂದೆ ಮಂಗಲಾ, ಬಾಟಲಿ ಹಿಡಿದುಕೊಂಡು.

ಕಾಶೀಬಾಯಿ ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದರು. ನಮ್ಮ ಕಮಲಾಪುರದ್ದೇ, ದಪ್ಪಗೆ, ಘಮಘಮ ಅನ್ನುವಂಥದ್ದು. ಇದನ್ನು ಅವಳಿಗೆ ಕೊಟ್ಟು ಬನ್ನಿ ಅಂದರು. ನೀವೇ ಕೊಡಿ, ಇಲ್ಲೇ ಇದ್ದಾಳಲ್ಲ ಅಂದೆ. ಒಲ್ಲೆ ಅಂದರು, ನಾನು ಅವಳ ಎದುರಿಗೆ ಬರುವುದಿಲ್ಲ ಅಂದರು.

ನನಗೆ ರೇಗಿತು. ಅದೇನು ಸಿಟ್ಟೋ ಬಾಯಿಬಿಟ್ಟು ಹೇಳಿಬಿಡಿ ಬೀಗ್ತೇರೆ, ಹುಡುಗಿ ಮೊದಲೇ ಹೆದರಿ ಸಾಯುತ್ತಿದ್ದಾಳೆ ಅಂದೆ. ದನಿ ಜೋರಾಯಿತೋ ಏನೋ, ಹಾಲ್ ತಿರುಗಿ ನೋಡಿತು.

ಕಾಶೀಬಾಯಿ ಮಾತ್ರ ದನಿ ಏರಿಸಲಿಲ್ಲ.

“ಸಿಟ್ಟು ಯಾತರದ್ರೀ ಅಕ್ಕಾರ. ಬಸುರಿ ಹೆಣ್ಮಗಳು ದಿನಾ ನನ್ನ ಮಾರಿ ನೋಡಿದ್ರ, ನೋಡಿದ್ದು ಕೂಸಿಗೆ ಬರ್ತದಲ್ರೀ. ಅದಕ್ಕ ಕಣ್ಣು ಮುಚ್ಕೊಂಡೀನಿ.”

ಅಂದರೆ ನನ್ನ ತಂಗಿ ತನ್ನ ಮಗಳನ್ನು ಯಾವ ಮುಖದಿಂದ ದೂರ ತಂದಿದ್ದಳೋ, ಆ ಮುಖ ಅದಕ್ಕೂ ಮೊದಲೇ ತಾನಾಗಿ ದೂರ ಸರಿದಿತ್ತು. ಏನಾದರೂ ಹೇಳಲೇಬೇಕಲ್ಲ, ನಾನು ಸುಮ್ಮನಿರುವವಳಲ್ಲ. ನಿಮಗೇನು ಕಡಿಮೆಯಾಗಿದೆ, ನಿಮ್ಮಂತೆ ಬದುಕಿ ತೋರಿಸುವವರು ಎಷ್ಟು ಜನ ಇದ್ದಾರೆ, ಅಂತ ಪತ್ರಿಕೆಗೆ ಬರೆಯುವ ಈ ಅಂಕಣದ ಧಾಟಿಯಲ್ಲೇ ಶುರುಮಾಡಿದೆ. (ತಲೆಬರಹ ಕೂಡ ಹೊಳೆದಿತ್ತು, ದೇವರಾಣೆ.) ಅವರು ಕೈ ಎತ್ತಿ ತಡೆದರು.

“ಬದುಕೀನ್ರಿ, ಇಲ್ಲಂದಿಲ್ಲ. ಆದ್ರ ನನ್ನಂಗ ಇನ್ನೊಂದು ಜೀವ ಬ್ಯಾಡ. ಅದು ಏನಂತ ನನಗೊಬ್ಬಾಕಿಗೇ ಗೊತ್ತು.”

ತಲೆಬರಹ ನುಂಗಿಕೊಂಡೆ. ಕಾಣುವ ಕಣ್ಣಿಟ್ಟುಕೊಂಡು ನಾನು ಅವರಿಗೆ ಧೈರ್ಯ ಹೇಳುವುದು ಅಷ್ಟು ಸುಲಭವೇ? ಪಕ್ಕದಲ್ಲಿ ಮೋಮಿನಪುರದ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದು ಕೂತಿದ್ದರು. ಅವರು ನಿಟ್ಟುಸಿರು ಬಿಟ್ಟು, ಹಮಾರೆ ಮೇ ಭೀ ವಹೀಚ್ ಬೋಲ್ತೇ ಅಂದರು. ನಮ್ಮಲ್ಲೂ ಅದೇ ಅನ್ನುತ್ತಾರೆ ಅಂತ. ಮಾತು, ಊಟ, ಉಡುಗೆ ಎಲ್ಲ ಬೇರೆ ಬೇರೆ. ಬಸುರಿಯನ್ನು ಹೆದರಿಸುವ ವಿಷಯದಲ್ಲಿ ಮಾತ್ರ ಎಂಥ ಏಕತೆ!

ಬಾಳೆಹಣ್ಣು ಹೊಟ್ಟೆಗೆ ಹೋಯಿತು. ಮತ್ತೆ ಕರೆ ಬಂತು. ಜೊತೆಗೆ ಒಬ್ಬರು ಮಾತ್ರ ಬರಬೇಕು ಅಂದಳು ನರ್ಸು. ಮಂಗಲಾ ಎದ್ದಳು. ನಾನೂ ಎದ್ದೆ. ಜಯಶ್ರೀ ನಮ್ಮಿಬ್ಬರನ್ನೂ ದಾಟಿ ಹಿಂದಿನ ಕುರ್ಚಿ ಕಡೆ ನೋಡಿ, ಅತ್ತೆ ಬರಲಿ ಅಂದಳು.

ಮಂಗಲಾಳ ಮುಖ ನೋಡಬೇಕಿತ್ತು. ಹೆತ್ತ ತಾಯಿಯನ್ನು ಬಿಟ್ಟು! ಜಯಶ್ರೀ ಆಮೇಲೆ ನನಗೆ ಕಾರಣ ಹೇಳಿದಳು: ಅವ್ವ ಡಾಕ್ಟರ ಮುಖ ನೋಡಿಯೇ ಅಳುತ್ತಾಳೆ, ದೊಡ್ಡವ್ವ ಪ್ರಶ್ನೆ ಕೇಳಿ ಜೀವ ತಿನ್ನುತ್ತಾಳೆ, ಅತ್ತೆ ಆದರೆ ಕೈ ಹಿಡಿದುಕೊಂಡು ಸುಮ್ಮನೆ ಕೂರುತ್ತಾರೆ. ಸಿಟ್ಟಾಗಿದ್ದಾರೆ ಅಂದುಕೊಂಡಿದ್ದರೂ ಆ ಕೈಯೇ ಬೇಕು ಅನ್ನಿಸಿತಂತೆ.

ಕಾಶೀಬಾಯಿ ಏಳಲಿಲ್ಲ. ಬೇಡ, ನಾನು ಬೇಡ ಅಂತ ಕುರ್ಚಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ನಾನು ರಟ್ಟೆ ಹಿಡಿದು ಎಬ್ಬಿಸಿದೆ, ಒಳಗೆ ಕರೆದುಕೊಂಡು ಹೋದೆ, ಹೋದವಳು ಹೊರಗೆ ಬರಲಿಲ್ಲ. ಒಬ್ಬರೇ ಅಂದಿದ್ದೆವಲ್ಲ ಅಂತ ಡಾಕ್ಟರ್ ನನ್ನ ಕಡೆ ನೋಡಿದರು. ಇವರಿಗೆ ಸ್ಕ್ರೀನಿನಲ್ಲಿ ಏನಿದೆ ಅಂತ ಹೇಳುವವರೊಬ್ಬರು ಬೇಕಲ್ಲ ಅಂದೆ. ಡಾಕ್ಟರಮ್ಮ ವಯಸ್ಸಿನಲ್ಲಿ ಸಣ್ಣವರು, ತಾಳ್ಮೆಯಲ್ಲಿ ದೊಡ್ಡವರು. ಮೂಲೆಯಲ್ಲಿ ನಿಲ್ಲಿ, ಮಾತಾಡಬೇಡಿ ಅಂದರು. ನನಗೆ!

ಕೂಸು ಹೊರಳಿತ್ತು.

ಕತ್ತಲು ಕೋಣೆ, ಬೂದು ಬಣ್ಣದ ಸ್ಕ್ರೀನು. ಮೊದಲು ನನಗೆ ಏನೂ ತಿಳಿಯಲಿಲ್ಲ, ಬರೀ ಮೋಡ. ಆಮೇಲೆ ಡಾಕ್ಟರ ಬೆರಳು ಹೋದ ಕಡೆ ಎರಡು ಕಪ್ಪು ದುಂಡು ಕಂಡವು. ಅವೇ ಕಣ್ಣು. ಒಂದೊಂದರೊಳಗೂ ತೆಳ್ಳಗೆ ಒಂದು ಉಂಗುರ. ಅದು ಲೆನ್ಸು. ಉಂಗುರದ ನಡುವೆ ಬೆಳ್ಳಗೆ ತುಂಬಿಕೊಂಡಿದ್ದರೆ ಪೊರೆ ಅಂತ ಅನುಮಾನ ಪಡಬೇಕು, ಇಲ್ಲಿ ನಡುವೆ ಕಪ್ಪಾಗಿ ಖಾಲಿ ಇದೆ, ಹಾಗೇ ಇರಬೇಕು ಅಂದರು. ಎರಡೂ ಕಣ್ಣುಗಳ ಅಳತೆ ತೆಗೆದರು. ಮತ್ತೊಮ್ಮೆ ತೆಗೆದರು. ಹೆಚ್ಚುಕಡಿಮೆ ಒಂದೇ ಇವೆ, ಹೋದ ಸಲ ಕೂಸು ಓರೆಯಾಗಿದ್ದುದರಿಂದ ಸಣ್ಣದಾಗಿ ಕಂಡಿರಬೇಕು ಅಂದರು. ಜಯಶ್ರೀ ಆವರೆಗೆ ಬಿಗಿ ಹಿಡಿದಿದ್ದ ಉಸಿರನ್ನು ಬಿಟ್ಟಳು. ಇನ್ನೂ ಮುಗಿದಿಲ್ಲ ಅಂದರು ಡಾಕ್ಟರು.

ಕೈಯಲ್ಲಿದ್ದ ಪ್ರೋಬನ್ನು ನಿಧಾನಕ್ಕೆ ಓರೆ ಮಾಡುತ್ತಾ, ಒತ್ತುತ್ತಾ, ಬಿಡುತ್ತಾ ಬಹಳ ಹೊತ್ತು ಹುಡುಕಿದರು. ಎಲ್ಲ ಕೂಸಿನಲ್ಲೂ ಇದು ಸುಲಭಕ್ಕೆ ಸಿಗುವುದಿಲ್ಲವಂತೆ. ಕೊನೆಗೆ ಮೆದುಳಿನ ಬುಡದಲ್ಲಿ ಚಿಕ್ಕದೊಂದು ಗುರುತು ಕಂಡಿತು. ಎರಡು ಕಣ್ಣಿನಿಂದ ಬಂದ ನರಗಳು ಅಲ್ಲಿ ಕೂಡುತ್ತವೆ, ಒಂದಿಷ್ಟು ಎಳೆಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದಾಟುತ್ತವೆ, ಮತ್ತೆ ಹಿಂದಕ್ಕೆ ಮೆದುಳಿಗೆ ಹೋಗುತ್ತವೆ.

ಹೆಂಗದ ಅಂತ ಕಾಶೀಬಾಯಿ ಮೆಲ್ಲಗೆ ಕೇಳಿದರು. ನಾನು ಅವರ ಅಂಗೈ ಬಿಡಿಸಿ, ಬೆರಳಿನಿಂದ ಎರಡು ಗೆರೆ ಎಳೆದೆ. ಒಂದರ ಮೇಲೊಂದು ಅಡ್ಡಡ್ಡ. ಇಷ್ಟೇನಾ ಅಂದರು. ಇದಕ್ಕಿಂತ ಬಹಳ ಸಣ್ಣದು ಅಂದರು ಡಾಕ್ಟರು, ಮಿಲಿಮೀಟರ್ ಲೆಕ್ಕದ್ದು.

ಆಮೇಲೆ ಯಂತ್ರದ ಕಡೆಯಿಂದ ನಮ್ಮ ಕಡೆಗೆ ಕುರ್ಚಿ ತಿರುಗಿಸಿಕೊಂಡರು.

“ನರ ಅದಾವ, ಕೂಡೋ ಜಾಗ ಅದ, ತಿಂಗಳಿಗೆ ತಕ್ಕಂಗ ದಪ್ಪ ಅದ. ನನಗ ಕಾಣೋದು ದಾರಿ ಅಷ್ಟೇ. ದಾರಿಯೊಳಗ ಬೆಳಕು ಓಡಾಡ್ತದೋ ಇಲ್ಲೋ, ಅದನ್ನ ಈ ಮಷೀನ್ ಹೇಳಂಗಿಲ್ಲ. ಹುಟ್ಟಿದ ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸ್ರಿ.”

ನನಗೆ ಈ ಡಾಕ್ಟರ್ ಹುಡುಗಿ ಇಷ್ಟವಾದದ್ದು ಈ ಮಾತಿಗೆ. ಎಲ್ಲ ಸರಿಯಾಗಿದೆ, ಹೋಗಿ ಪೇಢೆ ಹಂಚಿ ಅಂತ ಹೇಳಿ ಕಳಿಸಬಹುದಿತ್ತು. ಕಂಡದ್ದನ್ನು ಹೇಳಿದರು, ಕಾಣದ್ದನ್ನು ಕಾಣಲಿಲ್ಲ ಅಂದರು. ನಮ್ಮಲ್ಲಿ ಎಷ್ಟು ಜನ ಈ ಎರಡನೆಯದನ್ನು ಹೇಳುತ್ತೇವೆ?

ಏಳುವ ಹೊತ್ತಿಗೆ ಕಾಶೀಬಾಯಿ, ಒಂದು ಮಾತು ಕೇಳಲಾ ಅಂದರು. ನೋಡಿದ್ದರಿಂದ ಬರುತ್ತದಾ, ಬಸುರಿ ನನ್ನಂಥವರನ್ನು ನೋಡಿದರೆ ಕೂಸಿಗೆ ಬರುತ್ತದಾ ಅಂತ ಕೇಳಿದರು. ಜಯಶ್ರೀ ಥಟ್ಟನೆ ಅವರ ಕಡೆ ತಿರುಗಿದಳು. ಅವಳಿಗೆ ಕನ್ನಡಕ, ಸೆರಗು, ಹಿತ್ತಲು ಎಲ್ಲ ಒಂದೇ ಸಲಕ್ಕೆ ತಿಳಿದಿರಬೇಕು. ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂದುಕೊಂಡಿದ್ದೆನಲ್ಲ ಅತ್ತೆ ಅಂದಳು. ಅವರು ಡಾಕ್ಟರ ಉತ್ತರಕ್ಕೆ ಕಾಯುತ್ತಿದ್ದರು.

“ಇಲ್ಲಮ್ಮ. ತಾನು ಬಸುರಿ ಅಂತ ಹೆಣ್ಮಗಳಿಗೆ ಗೊತ್ತಾಗೋ ಹೊತ್ತಿಗೇ ಒಳಗ ಕಣ್ಣಿನ ಕೆಲಸ ಶುರುವಾಗಿರ್ತದ. ಆಕಿ ಯಾರನ್ನ ನೋಡಿದ್ರೂ ಅದು ಕೂಸಿಗೆ ಬರಂಗಿಲ್ಲ. ನಿಮ್ಮದು ಸಹಿತ ಹಂಗ ಬಂದದ್ದಲ್ಲ.”

ಕಾಶೀಬಾಯಿ ಹಾಗೇ ನಿಂತರು. ಸಮಾಧಾನವಾಗಿರಬೇಕು ಅಂದುಕೊಂಡೆ. ಅವರಿಗೆ ನೆನಪಾದದ್ದು ಅವರ ಅವ್ವ.

ಆಮೇಲೆ ಹೇಳಿದರು. ಇವರು ಹೊಟ್ಟೆಯಲ್ಲಿದ್ದಾಗ ಇವರ ಅವ್ವ, ಗಂಡನ ಜೊತೆ ತೊಗರಿ ಮಾರಲು ಇಲ್ಲಿಯ ನೆಹರು ಗಂಜ್ ಮಾರುಕಟ್ಟೆಗೆ ಬಂದಿದ್ದಳಂತೆ. ಅಲ್ಲೊಬ್ಬ ಕುರುಡ ಕೂತು ಹಾಡುತ್ತಿದ್ದನಂತೆ. ಹಾಡು ಚೆನ್ನಾಗಿತ್ತು ಅಂತ ಅವಳು ನಿಂತು ಕೇಳಿದಳಂತೆ. ಅಷ್ಟೇ. ಮಗಳು ಹುಟ್ಟಿದ ಮೇಲೆ ಮನೆಯವರು, ಓಣಿಯವರು ಎಲ್ಲ ಅದನ್ನೇ ಎತ್ತಿ ಆಡಿದರು. ಬಸುರಿ ಹೆಂಗಸು ನೋಡಿಕೊಂಡು ನಿಂತೆ, ಅದಕ್ಕೇ ಇಂಥದ್ದು ಹುಟ್ಟಿತು ಅಂತ. ಅವ್ವ ಎದುರು ಮಾತಾಡಲಿಲ್ಲ. ತಾನೇ ಮಾಡಿದ್ದು ಅಂತ ನಂಬಿಕೊಂಡೇ ಸತ್ತಳು.

“ನಾನೂ ಅಂದೀನ್ರೀ. ಎಡವಿ ಬಿದ್ದಾಗೆಲ್ಲ ಅಂದೀನಿ, ನೀ ಯಾಕ ನೋಡಿದಿ ಅಂತ. ಹಂಗಾದ್ರ ನಮ್ಮವ್ವ ಏನೂ ಮಾಡಿದ್ದಿಲ್ಲ?”

ಈ ಸಲ ನನಗೆ ಮಾತಾಡಬೇಡಿ ಅಂತ ಯಾರೂ ಹೇಳುವ ಅಗತ್ಯ ಇರಲಿಲ್ಲ. ಡಾಕ್ಟರಮ್ಮ ಎದ್ದು ಬಂದು ಅವರ ಭುಜ ಹಿಡಿದುಕೊಂಡು, ಏನೂ ಮಾಡಿರಲಿಲ್ಲಮ್ಮ ಅಂದರು. ಕಾಶೀಬಾಯಿ ಮನಸಾರೆ ಅತ್ತರು. ನಾನೂ ಅತ್ತೆ, ಬರೆಯಲು ಸಂಕೋಚವೇನಿಲ್ಲ.

ಹೊರಗೆ ಮಂಗಲಾ ಓಡಿಬಂದು ಏನಂದರು ಅಂತ ಕೇಳಿದಳು. ಹೇಳಿದೆ. ಹೊರಗಿನಿಂದ ಎಲ್ಲ ನೆಟ್ಟಗಿದೆ, ಕಾಣುತ್ತದಾ ಅನ್ನುವುದು ಹುಟ್ಟಿದ ಮೇಲೆಯೇ ತಿಳಿಯುವುದು ಅಂದೆ. ನೋಡಿದ್ದರಿಂದ ಏನೂ ಬರುವುದಿಲ್ಲ ಅನ್ನುವುದನ್ನೂ ಹೇಳಿದೆ, ಯಾಕೆ ಕೇಳಿದರು ಅನ್ನುವುದನ್ನೂ. ಅವಳು ಬೀಗ್ತಿಯ ಕಡೆ ನೋಡಿದಳು, ನೆಲ ನೋಡಿದಳು. ಜಯಶ್ರೀ, ನಾನು ಇವತ್ತೇ ಅತ್ತೆಯ ಜೊತೆ ಕಮಲಾಪುರಕ್ಕೆ ಹೋಗುತ್ತೇನೆ, ಸೀಮಂತದ ಕುಬಸದ ಹೊತ್ತಿಗೆ ತವರಿಗೆ ಬರುತ್ತೇನೆ ಅಂದಳು. ಹೈವೇ ಕುಲುಕಾಟದ ಮಾತನ್ನು ಯಾರೂ ಎತ್ತಲಿಲ್ಲ. ಕೆಳಗೆ ಮಲ್ಲಿಕಾರ್ಜುನ ನಮ್ಮ ಮುಖಗಳನ್ನು ನೋಡಿ ಇನ್ನಷ್ಟು ಹೆದರಿದ. ಎಲ್ಲರೂ ಅತ್ತು ಕೆಂಪಾಗಿದ್ದೆವಲ್ಲ, ಪಾಪ.

ಮೊಮ್ಮಗುವಿನ ಕಣ್ಣಿನ ತೀರ್ಪು ಬರಲು ಇನ್ನೂ ಕೆಲವು ತಿಂಗಳಿವೆ. ಬಂದದ್ದು ಬರಲಿ, ಆ ಮನೆ ಅದನ್ನು ಎತ್ತಿ ಸಾಕುತ್ತದೆ ಅನ್ನುವ ಭರವಸೆ ನನಗಿದೆ. ಜಯಶ್ರೀ ನೆಮ್ಮದಿಯಾಗಿ ಮಲಗುತ್ತಿದ್ದಾಳಂತೆ. ಆದರೆ ಆ ದಿನ ಆ ಕತ್ತಲು ಕೋಣೆಯಲ್ಲಿ ಇನ್ನೊಂದು ತೀರ್ಪೂ ಬಂತು. ಒಂದು ಹಾಡು ಕೇಳಲು ನಿಂತ ತಪ್ಪಿಗೆ ಜೀವಮಾನವಿಡೀ ಶಿಕ್ಷೆ ಉಂಡ ತಾಯಿಯೊಬ್ಬಳು ಖುಲಾಸೆಯಾದಳು.

ಅದನ್ನು ಈಗ ಆ ಅವ್ವನಿಗೆ ಯಾರು ಹೋಗಿ ಹೇಳಬೇಕು?